ಮೂರು ಗೆರೆ ಖಾಲಿ ಜಾಗ: ತಪಸ್ಸುಕಾಲದ ಒಂದು ಕೈಪುಸ್ತಕ ಬಳಸಿ ನೋಡಿದ್ದು

2025ರ ಮಾರ್ಚ್ 5, ಬೂದಿ ಬುಧವಾರ. ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚಿನ ಉಪವಾಸ, ಪ್ರಾರ್ಥನೆಯ ತಪಸ್ಸುಕಾಲದ ಮೊದಲ ದಿನ. ಸಂಜೆ ಪೂಜೆ ಮುಗಿಸಿ ಹೊರಗೆ ಬರುವಾಗ ಚರ್ಚಿನ ಬಾಗಿಲ ಪಕ್ಕದ ಮೇಜಿನ ಮೇಲೆ ಈ ಪುಸ್ತಿಕೆಯ ಎರಡು ಕಟ್ಟು ಇದ್ದವು. ಹಣೆಯ ಬೂದಿ ಉದುರಿ ಕನ್ನಡಕದ ಮೇಲೆ ಬೀಳುತ್ತಿತ್ತು. ಒಂದು ಕೈಯಲ್ಲಿ ಕನ್ನಡಕ ಒರೆಸುತ್ತಾ ಇನ್ನೊಂದು ಕೈಯಲ್ಲಿ ಒಂದು ಪ್ರತಿ ಎತ್ತಿಕೊಂಡೆ. ಯಾರು ಅಚ್ಚು ಹಾಕಿಸಿದ್ದು ಎಂದು ಹೇಳುವುದಿಲ್ಲ. ಇಂಥ ಪುಸ್ತಿಕೆ ವರ್ಷ ವರ್ಷ ಬರುತ್ತದೆ, ಮುಖಪುಟದಲ್ಲಿ ಮರಳು, ಮರಳಿನ ಮೇಲೆ ಹೆಜ್ಜೆ ಗುರುತು. ನಾನು ಬರೆಯುವುದರಲ್ಲಿ ಅರ್ಧವಾದರೂ ನಿಮ್ಮ ಕೈಯಲ್ಲಿರುವುದಕ್ಕೂ ಹೊಂದೀತು.

ಮೊದಲು ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನನ್ನದು ಲೆಕ್ಕಪತ್ರದ ಕೆಲಸ. ಭಾನುವಾರ ಪೂಜೆಯ ನಂತರ ಕಾಣಿಕೆ ಎಣಿಸುವವರಲ್ಲೂ ನಾನೊಬ್ಬಳು. ಅದಕ್ಕೇ ಪುಸ್ತಕ ಕೈಗೆ ಬಂದರೆ ಓದುವ ಮೊದಲು ಪುಟ ಎಣಿಸುತ್ತೇನೆ.

48 ಪುಟ. ದಿನಕ್ಕೊಂದರಂತೆ 40 ಪುಟ, ಕೊನೆಯಲ್ಲಿ ಶಿಲುಬೆ ಹಾದಿ (ಯೇಸುಸ್ವಾಮಿಯ ಕೊನೆಯ ಪಯಣವನ್ನು ಸ್ಥಾನ ಸ್ಥಾನವಾಗಿ ನೆನೆಯುವ ಪ್ರಾರ್ಥನೆ), ಆತ್ಮಶೋಧನೆಯ ಪ್ರಶ್ನೆಗಳು, ಎರಡು ಮೂರು ಪ್ರಾರ್ಥನೆ. ಜೇಬಿಗೆ ಹಿಡಿಸುವ ಅಳತೆ. ನಡುವೆ ಎರಡು ಪಿನ್ ಹೊಡೆದಿದ್ದಾರೆ, ಮೂರನೇ ವಾರಕ್ಕೆ ನಡುಪುಟಗಳು ಕಳಚಿಕೊಂಡವು. ಅಕ್ಷರ ಸಣ್ಣದು. ಚರ್ಚಿಗೆ ಯಾರು ಹೆಚ್ಚು ಬರುತ್ತಾರೆ ಎಂದು ಅಚ್ಚು ಹಾಕಿಸುವವರು ಒಮ್ಮೆ ಹಿಂದಿನ ಬೆಂಚಿನಲ್ಲಿ ನಿಂತು ನೋಡಬೇಕು.

ಇನ್ನು ಆ 40ರ ಲೆಕ್ಕ. ಬೂದಿ ಬುಧವಾರದಿಂದ ಪಾಸ್ಖದ ಹಿಂದಿನ ದಿನವಾದ ಪವಿತ್ರ ಶನಿವಾರದವರೆಗೆ ಎಣಿಸಿದರೆ 46 ದಿನ ಆಗುತ್ತದೆ. ಅದರಲ್ಲಿ ಆರು ಭಾನುವಾರ ತೆಗೆದರೆ 40. ಭಾನುವಾರ ಪುನರುತ್ಥಾನದ ದಿನ, ಅಂದು ಉಪವಾಸವಿಲ್ಲ, ಅದಕ್ಕೇ ಹಳೆಯ ಎಣಿಕೆಯಲ್ಲಿ ಅದನ್ನು ಬಿಡುತ್ತಾರೆ. ಪುಸ್ತಿಕೆಯವರು ಇದನ್ನು ಅಕ್ಷರಶಃ ಹಿಡಿದುಕೊಂಡು ಭಾನುವಾರಗಳನ್ನೇ ಕೈಬಿಟ್ಟಿದ್ದಾರೆ. ಉಪವಾಸ ಇಲ್ಲದಿದ್ದರೆ ಚಿಂತನೆಯೂ ಬೇಡವೇ? 2025 'ಸಿ' ವರ್ಷ, ಅಂದರೆ ಮೂರು ವರ್ಷದ ವಾಚನ ಸರದಿಯಲ್ಲಿ ಹೆಚ್ಚಾಗಿ ಲೂಕನ ಶುಭಸಂದೇಶ ಓದುವ ವರ್ಷ. ಮೂರನೇ ಭಾನುವಾರ ಹಣ್ಣು ಬಿಡದ ಅಂಜೂರದ ಮರ, ನಾಲ್ಕನೆಯದು ಮನೆಬಿಟ್ಟು ಹೋದ ಮಗ, ಐದನೆಯದು ಯೊವಾನ್ನನಿಂದ, ಕಲ್ಲೆಸೆಯಲು ತಂದು ನಿಲ್ಲಿಸಿದ ಹೆಂಗಸು. ತಪಸ್ಸುಕಾಲದ ತಿರುಳೆಲ್ಲ ಈ ಮೂರು ಭಾನುವಾರಗಳಲ್ಲೇ ಇದೆ. ಅವು ಮೂರೂ ಇದರಲ್ಲಿಲ್ಲ.

ಇನ್ನೊಂದು ತಪ್ಪನ್ನು ಕಂಡುಹಿಡಿದವರು ಟೀಚರಮ್ಮ. ನಮ್ಮ ಧರ್ಮಕೇಂದ್ರದಲ್ಲಿ ಗುರುವಾರ ಸಂಜೆ ಆರು ಜನ ಸೇರಿ ಈ ಪುಸ್ತಿಕೆ ಓದುತ್ತಿದ್ದೆವು, ಧರ್ಮೋಪದೇಶ ತರಗತಿಯ ಕೋಣೆಯಲ್ಲಿ, ಮಕ್ಕಳ ಕುಳ್ಳ ಕುರ್ಚಿಗಳಲ್ಲಿ ಮೊಣಕಾಲು ಎದೆಗೆ ತಾಗಿಸಿಕೊಂಡು. ಟೀಚರಮ್ಮ ಅದೇ ಕೋಣೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು. ಮೊದಲ ಪುಟದಲ್ಲಿ "ದೇವರೇ, ಕರುಣಿಸು" ಎಂಬ ಕೀರ್ತನೆಗೆ 50 ಎಂದು ಸಂಖ್ಯೆ ಹಾಕಿದ್ದಾರೆ, ಕೊನೆಯಲ್ಲಿ ಅದೇ ಕೀರ್ತನೆಗೆ 51. ನಾನು ಅಚ್ಚಿನ ತಪ್ಪು ಎಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಎರಡೂ ಸರಿ ಮಗಾ, ಆದರೆ ಎರಡೂ ಒಂದೇ ಪುಸ್ತಕದಲ್ಲಿ ಇರಬಾರದು" ಎಂದರು. ಹೀಬ್ರೂ ಎಣಿಕೆಯಲ್ಲಿ 51, ಹಳೆಯ ಗ್ರೀಕ್ ಮತ್ತು ಲ್ಯಾಟಿನ್ ಎಣಿಕೆಯಲ್ಲಿ 50. ಹಳೆಯ ಪ್ರಾರ್ಥನಾ ಪುಸ್ತಕ ಒಂದರಿಂದ, ಹೊಸ ಬೈಬಲ್ ಇನ್ನೊಂದರಿಂದ ಎತ್ತಿ ಅಂಟಿಸಿದ್ದು ಅಲ್ಲೇ ಗೊತ್ತಾಗಿಹೋಯಿತು.

ಉಪವಾಸದ ವಿಷಯದಲ್ಲೂ ಪುಸ್ತಿಕೆ ಇಷ್ಟೇ ಅಜಾಗರೂಕ. "ಉಪವಾಸ ಮಾಡಿ" ಎಂದು ನಾಲ್ಕೈದು ಕಡೆ ಬರೆದಿದೆ, ಯಾರು, ಯಾವಾಗ ಎಂಬುದು ಎಲ್ಲೂ ಇಲ್ಲ. ಧರ್ಮಸಭೆಯ ಕಾನೂನಿನಲ್ಲಿ ಕಡ್ಡಾಯ ಉಪವಾಸ ಇರುವುದು ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18 ತುಂಬಿದವರಿಗೆ, 59 ತುಂಬುವವರೆಗೆ. ಮಾಂಸ ಬಿಡುವ ನಿಯಮ 14 ತುಂಬಿದವರಿಗೆ. ಎಪ್ಪತ್ತು ದಾಟಿದ ಟೀಚರಮ್ಮ ಮೊದಲ ವಾರವೇ ತಲೆಸುತ್ತಿ ಬೆಂಚಿಗೆ ಒರಗಿದರು. ಫಾದರ್ ಬಂದು, "ಈ ನಿಯಮ ನಿಮಗೆ ಅನ್ವಯಿಸುವುದಿಲ್ಲ ಟೀಚರ್" ಎಂದರೆ, "ನಿಯಮ ನನ್ನನ್ನು ಬಿಟ್ಟಿರಬಹುದು ಫಾದರ್, ನಾನು ಅದನ್ನು ಬಿಟ್ಟಿಲ್ಲ" ಎಂದು ಎದ್ದು ಹೋದರು. ಹಠಕ್ಕೆ ಮದ್ದಿಲ್ಲ, ನಿಜ. ಆದರೂ ಎರಡು ಸಾಲು ಅಚ್ಚಾಗಿದ್ದರೆ ಓದಿ ತೋರಿಸಬಹುದಿತ್ತು.

ಪ್ರತಿ ಪುಟದ ವಿನ್ಯಾಸ ಒಂದೇ. ಮೇಲೆ ಆ ದಿನದ ಶುಭಸಂದೇಶದ ಒಂದೆರಡು ವಾಕ್ಯ. ಕೆಳಗೆ ಚಿಂತನೆ, ಪುಟ್ಟ ಪ್ರಾರ್ಥನೆ, ನಂತರ "ಇಂದಿನ ಸಂಕಲ್ಪ". ಎಲ್ಲದರ ಕೆಳಗೆ ಬರೆದುಕೊಳ್ಳಲು ಮೂರು ಗೆರೆ ಖಾಲಿ ಜಾಗ. ಚಿಂತನೆಗಳು ಓದಿಸಿಕೊಂಡು ಹೋಗುತ್ತವೆ, ಸುಳ್ಳು ಹೇಳುವುದಿಲ್ಲ. ಅಡವಿಯಲ್ಲಿ ಸೈತಾನ ಯೇಸುಸ್ವಾಮಿಯನ್ನು ಶೋಧಿಸಿದ್ದನ್ನು ನೆನೆಯುವ ಒಂದು ಚಿಂತನೆಯಲ್ಲಿ, ಸೈತಾನನೂ ವೇದವಾಕ್ಯವನ್ನೇ ಉದ್ಧರಿಸುತ್ತಾನೆ ಎಂದು ನೆನಪಿಸಿದ್ದು ನನಗೆ ಹಿಡಿಸಿತು. ಸಂಕಲ್ಪಗಳು ಮಾತ್ರ ಸಪ್ಪೆ. "ಇಂದು ಮೊಬೈಲ್ ಕಡಿಮೆ ಬಳಸುತ್ತೇನೆ." "ಇಂದು ಹತ್ತು ನಿಮಿಷ ಮೌನವಾಗಿರುತ್ತೇನೆ." ಎಲ್ಲವೂ ನಾನು ಮತ್ತು ನನ್ನ ಕೋಣೆ. ಪೋಪ್ ಫ್ರಾನ್ಸಿಸ್ ಆ ವರ್ಷದ ತಪಸ್ಸುಕಾಲದ ಸಂದೇಶಕ್ಕೆ ಇಟ್ಟ ಶೀರ್ಷಿಕೆಯೇ ನಿರೀಕ್ಷೆಯಲ್ಲಿ ಒಟ್ಟಿಗೆ ನಡೆಯೋಣ ಎಂಬ ಅರ್ಥದ್ದು. ಕ್ರೈಸ್ತರು ಒಂಟಿ ಪಯಣಿಗರಲ್ಲ ಎಂದು ಅದರಲ್ಲಿ ಬಿಡಿಸಿ ಹೇಳಿದ್ದರು. ಮೊದಲಿನಿಂದಲೂ ತಪಸ್ಸುಕಾಲ ಒಬ್ಬೊಬ್ಬರೇ ಕೂತು ಮಾಡುವ ಕೆಲಸವಾಗಿರಲಿಲ್ಲ. ಪಾಸ್ಖ ಜಾಗರಣೆಯ ರಾತ್ರಿ ಜ್ಞಾನಸ್ನಾನ ಪಡೆಯುವವರನ್ನು ಇಡೀ ಸಭೆ ಸೇರಿ ಸಿದ್ಧಪಡಿಸುತ್ತಿದ್ದ, ತಪ್ಪು ಮಾಡಿ ಹೊರಗೆ ನಿಂತವರನ್ನು ಮತ್ತೆ ಒಳಗೆ ಕರೆದುಕೊಳ್ಳುತ್ತಿದ್ದ ಕಾಲ ಅದು.

ಈ ಕೊರತೆ ನನಗೆ ಚುಚ್ಚಿದ್ದು ಒಂಬತ್ತನೇ ದಿನ, ಮಾರ್ಚ್ 14ರ ಶುಕ್ರವಾರ.

ಅಂದಿನ ವಾಚನ ಮತ್ತಾಯನ ಐದನೇ ಅಧ್ಯಾಯ. ಕಾಣಿಕೆ ಒಪ್ಪಿಸಲು ಪೀಠದ ಬಳಿ ಬಂದಾಗ ನಿನ್ನ ಮೇಲೆ ಸಹೋದರನಿಗೆ ಮನಸ್ತಾಪ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಅವನೊಡನೆ ರಾಜಿಯಾಗು, ಆಮೇಲೆ ಬಾ. ಅದರ ಕೆಳಗೆ ಪುಸ್ತಿಕೆಯ ಸಂಕಲ್ಪ: "ನಿಮ್ಮಿಂದ ನೊಂದವರ ಹೆಸರನ್ನು ಇಲ್ಲಿ ಬರೆದು, ಅವರಿಗಾಗಿ ಒಂದು ಪರಲೋಕ ಮಂತ್ರ ಜಪಿಸಿ." (ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆ ಅದು.)

ನಾನು ಪೆನ್ನು ತೆಗೆದುಕೊಂಡು ಬರೆದೆ. ಯೋಚಿಸಬೇಕಾಗಿಯೇ ಇರಲಿಲ್ಲ.

ಮೂರು ವರ್ಷದ ಹಿಂದೆ, ಹಬ್ಬದ ಒಂದು ಭಾನುವಾರ, ಕಾಣಿಕೆ ಎಣಿಸುವ ಮೇಜಿನಲ್ಲಿ ಒಂದು ಕಟ್ಟು ನೋಟು ಕಡಿಮೆ ಬಂತು. ಮೊದಲ ಸಲ ಎಣಿಸಿ ಚೀಟಿಯಲ್ಲಿ ಬರೆದವರು ಒಬ್ಬ ಹಿರಿಯರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. "ಎಣಿಸಿದ್ದು ನೀವೇ ಅಲ್ವಾ ಅಣ್ಣ, ಮತ್ತೆಲ್ಲಿ ಹೋಯ್ತು?" ಎಂದೆ, ಸುತ್ತ ನಾಲ್ಕು ಜನ ಇರುವಾಗ. ಅವರು ಏನೂ ಅನ್ನದೆ ಪೆನ್ನಿನ ಮುಚ್ಚಳ ಹಾಕಿ, ಜೇಬಿಗಿಟ್ಟು ಎದ್ದರು. ಆ ಮುಚ್ಚಳದ ಟಕ್ ಎಂಬ ಸದ್ದು ಈಗಲೂ ಕಿವಿಯಲ್ಲಿದೆ. ಮಂಗಳವಾರ ಆ ಕಟ್ಟು ಸಿಕ್ಕಿತು, ಮೇಜಿನ ಡ್ರಾಯರ್ ಹಿಂದೆ ಜಾರಿ ಬಿದ್ದಿತ್ತು. ನಾನು ಲೆಕ್ಕದ ಪುಸ್ತಕದಲ್ಲಿ ತಿದ್ದಿದೆ. ಬಾಯಲ್ಲಿ ತಿದ್ದಲಿಲ್ಲ. ಅವರು ಎಣಿಸಲು ಮತ್ತೆ ಬರಲಿಲ್ಲ, ಕೊನೆಯ ಬೆಂಚಿಗೆ ಹೋದರು. ಎದುರು ಸಿಕ್ಕರೆ "ನಮಸ್ಕಾರ ಮೇಡಂ" ಎನ್ನುತ್ತಾರೆ.

ಈಗ ಹೇಳಿ, ಶುಭಸಂದೇಶ "ಹೋಗು" ಎನ್ನುತ್ತದೆ. ಪುಸ್ತಿಕೆ "ಬರಿ" ಎನ್ನುತ್ತದೆ. ಬರೆದ ಮೇಲೆ ಏನೋ ಮಾಡಿದಂತೆ ನೆಮ್ಮದಿಯಾಗುತ್ತದೆ, ಅದೇ ಅಪಾಯ. ನಾನು ಪರಲೋಕ ಮಂತ್ರ ಹೇಳಿ, ಪುಸ್ತಿಕೆ ಮುಚ್ಚಿ, ಚೆನ್ನಾಗಿ ನಿದ್ದೆ ಮಾಡಿದೆ.

ಪುಸ್ತಿಕೆಯ ಒಂದು ದೋಷವೇ ಆಮೇಲೆ ನನ್ನನ್ನು ಹಿಡಿದುಹಾಕಿತು. ಇದನ್ನು ಯಾವ ವರ್ಷಕ್ಕೂ ಆಗುವಂತೆ ಮಾಡಿದ್ದಾರೆ. ತಾರೀಖು ಇಲ್ಲ, ಬರೀ "ಎರಡನೇ ವಾರ, ಬುಧವಾರ" ಎಂದಿರುತ್ತದೆ. ಹಾಗಾಗಿ ಮಾರ್ಚ್ 19ರಂದು ಚರ್ಚಿನಲ್ಲಿ ಸಂತ ಜೋಸೆಫರ ಹಬ್ಬದ ವಾಚನ, ಪುಸ್ತಿಕೆಯಲ್ಲಿ ಜೆಬೆದಾಯನ ಹೆಂಡತಿ ಮಕ್ಕಳಿಗಾಗಿ ಕುರ್ಚಿ ಕೇಳುವ ಕಥೆ. ಮಾರ್ಚ್ 25 ಮಂಗಳವಾರ್ತೆಯ ಹಬ್ಬ. ಪೀಠದಿಂದ ಗಬ್ರಿಯೇಲ್ ದೂತ ಮರಿಯಮ್ಮನಿಗೆ ಹೇಳಿದ್ದನ್ನು ಓದಿದರು. ಪುಸ್ತಿಕೆ ಮಾತ್ರ ತನ್ನ ಪಾಡಿಗೆ ಮೂರನೇ ವಾರದ ಮಂಗಳವಾರಕ್ಕೆ ಅಂಟಿಕೊಂಡಿತ್ತು: ಮತ್ತಾಯ 18, ಸಾಲ ಮನ್ನಾ ಆದ ಆಳು ತನ್ನ ಜೊತೆಗಾರನ ಕುತ್ತಿಗೆ ಹಿಡಿಯುವ ಸಾಮತಿ (ನೀತಿಕಥೆ). ಸರಿಯಾಗಿ ಮಾಡಿದ ಪುಸ್ತಿಕೆಯಾಗಿದ್ದರೆ ಆ ವರ್ಷ ನಾನು ಅದನ್ನು ಓದುತ್ತಲೇ ಇರಲಿಲ್ಲ.

ಲೆಕ್ಕದವಳಿಗೆ ಆ ಸಾಮತಿ ಕೊಟ್ಟರೆ ಏನಾಗುತ್ತದೆ? ಕ್ಯಾಲ್ಕುಲೇಟರ್ ತೆಗೆದೆ. ಆಳಿನ ಸಾಲ ಹತ್ತು ಸಾವಿರ ತಲಾಂತು. ಒಂದು ತಲಾಂತು ಎಂದರೆ ಸುಮಾರು ಆರು ಸಾವಿರ ದಿನಾರಿ, ಒಂದು ದಿನಾರಿ ಒಂದು ದಿನದ ಕೂಲಿ. ಆರು ಕೋಟಿ ದಿನದ ದುಡಿಮೆ! ವರ್ಷಕ್ಕೆ 300 ದಿನ ದುಡಿದರೂ ತೀರಿಸಲು ಎರಡು ಲಕ್ಷ ವರ್ಷ ಬೇಕು. ಜೊತೆಗಾರ ಅವನಿಗೆ ಕೊಡಬೇಕಿದ್ದುದು ನೂರು ದಿನಾರಿ. ಒಂದಕ್ಕೆ ಆರು ಲಕ್ಷ. ಪುಸ್ತಿಕೆಯ ಚಿಂತನೆಯಲ್ಲಿ ಈ ಲೆಕ್ಕ ಇಲ್ಲ, "ದೇವರ ಕ್ಷಮೆ ಅಪಾರ" ಎಂದು ಒಂದು ಸಾಲಿನಲ್ಲಿ ದಾಟಿಸಿದ್ದಾರೆ. ನನಗೆ 'ಅಪಾರ' ಅರ್ಥವಾಗುವುದಿಲ್ಲ, 'ಆರು ಲಕ್ಷ' ಅರ್ಥವಾಗುತ್ತದೆ. ನನ್ನ ಕಥೆಯಲ್ಲಾದರೆ ಅಣ್ಣ ನನಗೆ ನೂರು ದಿನಾರಿಯೂ ಕೊಡಬೇಕಿರಲಿಲ್ಲ. ಕೊಡಬೇಕಾದವಳು ನಾನು. ಸುಮ್ಮನೆ ಕುತ್ತಿಗೆ ಹಿಡಿದಿದ್ದೆ.

ಮಾರ್ಚ್ 28ರ ರಾತ್ರಿ ಚರ್ಚು ತೆರೆದಿತ್ತು. 2014ರಲ್ಲಿ ಪೋಪ್ ಫ್ರಾನ್ಸಿಸ್ ಆರಂಭಿಸಿದ 'ಪ್ರಭುವಿಗಾಗಿ 24 ಗಂಟೆ', ತಪಸ್ಸುಕಾಲದ ನಾಲ್ಕನೇ ಭಾನುವಾರಕ್ಕೆ ಮುಂಚಿನ ಶುಕ್ರವಾರ, ಶನಿವಾರ. ಆರಾಧನೆ ನಡೆಯುತ್ತಿರುತ್ತದೆ, ಪಾಪನಿವೇದನೆಗೆ ಗುರುಗಳು ಕಾದಿರುತ್ತಾರೆ. ಪುಸ್ತಿಕೆಯಲ್ಲಿ ಇದರ ಸುದ್ದಿಯೇ ಇಲ್ಲ. ಇದರ ಆತ್ಮಶೋಧನೆಯ ಭಾಗ ಮಾತ್ರ ಅಲ್ಲಿ ಕೆಲಸಕ್ಕೆ ಬಂತು. ಇಡೀ ಪುಸ್ತಿಕೆಯಲ್ಲಿ ಹೊಗಳಲೇಬೇಕಾದ ಎರಡು ಪುಟ ಅವು. ಹತ್ತು ಕಟ್ಟಳೆಗಳ ಕೆಳಗೆ ನೇರ ಪ್ರಶ್ನೆಗಳು. ಎಂಟನೆಯದರ ಕೆಳಗೆ: "ಯಾರ ಮೇಲಾದರೂ ಸುಳ್ಳು ಆಪಾದನೆ ಹೊರಿಸಿದ್ದೇನೆಯೇ? ಅದನ್ನು ಸರಿಪಡಿಸಿದ್ದೇನೆಯೇ?" ಎರಡನೇ ಪ್ರಶ್ನೆ ಬರೆದವರಿಗೆ ನನ್ನ ಕೈಮುಗಿತ.

ಪಾಪನಿವೇದನೆಯ ಗುಟ್ಟು ಗುರುಗಳನ್ನು ಕಟ್ಟಿಹಾಕುತ್ತದೆ, ನನ್ನನ್ನಲ್ಲ. ಅದಕ್ಕೇ ಹೇಳುತ್ತಿದ್ದೇನೆ. ನಾನು ಎಲ್ಲ ಹೇಳಿ ಮುಗಿಸಿದ ಮೇಲೆ ಜಾಲರಿಯ ಆಚೆಯಿಂದ ಫಾದರ್ ಕೇಳಿದ್ದು ಒಂದೇ: "ಅವತ್ತು ಎಷ್ಟು ಜನರ ಮುಂದೆ ಹೇಳಿದಿರಿ?"

"ನಾಲ್ಕು ಜನ ಇದ್ದರು ಫಾದರ್."

"ಹಾಗಾದರೆ ಅವರ ಜೊತೆ ಆ ನಾಲ್ಕು ಜನರಿಗೂ ಗೊತ್ತಾಗಬೇಕಲ್ಲವೇ?"

ಕ್ಷಮೆ ಸಿಕ್ಕಿದರೂ ಹಾಳು ಮಾಡಿದ್ದನ್ನು ಸರಿಪಡಿಸುವ ಹೊಣೆ ಉಳಿಯುತ್ತದೆ ಎಂದು ಧರ್ಮಸಭೆಯ ಕಥೋಲಿಕ ಧರ್ಮೋಪದೇಶ ಗ್ರಂಥವೇ ಹೇಳುತ್ತದೆ, 2487ನೇ ಪರಿಚ್ಛೇದ. ಮನೆಗೆ ಬಂದು ಹುಡುಕಿ ನೋಡಿದೆ, ಫಾದರ್ ತಮ್ಮದೇ ಏನಾದರೂ ಸೇರಿಸಿದ್ದಾರೇನೋ ಎಂದು. ಇಲ್ಲ, ಹಾಗೇ ಇದೆ.

ಒಂದು ವಾರ ತಳ್ಳಿದೆ. ಏಪ್ರಿಲ್ 4ರ ಶುಕ್ರವಾರ ಶಿಲುಬೆ ಹಾದಿ. ಇಲ್ಲಿ ಪುಸ್ತಿಕೆಯ ಅನುಬಂಧದ ಬಗ್ಗೆ ಹೇಳಿಬಿಡಬೇಕು: ನಾಲ್ಕೇ ಪುಟದಲ್ಲಿ 14 ಸ್ಥಾನ ಮುಗಿಸಿದ್ದಾರೆ, ಒಂದೊಂದಕ್ಕೆ ಮೂರು ವಾಕ್ಯ. ಅದೇ ಚೆನ್ನಾಗಿದೆ. 1731ರಲ್ಲಿ ಹನ್ನೆರಡನೇ ಕ್ಲೆಮೆಂಟ್ ಪೋಪರು ಸ್ಥಾನಗಳನ್ನು 14ಕ್ಕೆ ನಿಲ್ಲಿಸಿದರು. ಅವುಗಳಲ್ಲಿ ಮೂರು ಸಲ ಬೀಳುವುದು, ವೆರೋನಿಕ ಮುಖ ಒರೆಸುವುದು ಶುಭಸಂದೇಶದಲ್ಲಿಲ್ಲ. 1991ರಲ್ಲಿ ಎರಡನೇ ಜಾನ್ ಪೌಲರು ರೋಮಿನ ಕೊಲೋಸಿಯಮ್‌ನಲ್ಲಿ ವೇದವಾಕ್ಯಗಳಿಂದಲೇ ಕಟ್ಟಿದ ಬೇರೆ 14 ಸ್ಥಾನಗಳನ್ನು ನಡೆಸಿದರು. ಪುಸ್ತಿಕೆ ಹಳೆಯದನ್ನೇ ಇಟ್ಟುಕೊಂಡಿದೆ. ಸರಿಯೇ ಮಾಡಿದೆ ಎನ್ನುತ್ತೇನೆ. ಟೀಚರಮ್ಮ ಪುಸ್ತಿಕೆ ತೆರೆಯುವುದೇ ಇಲ್ಲ, ವೆರೋನಿಕಳ ಸ್ಥಾನ ಬಂದಾಗ ಸೆರಗನ್ನು ಒಮ್ಮೆ ಬಿಗಿಹಿಡಿಯುತ್ತಾರೆ, ಪಕ್ಕದಲ್ಲಿ ನಿಂತವರಿಗೆ ಮಾತ್ರ ಕಾಣುವಷ್ಟು.

ಪ್ರಾರ್ಥನೆ ಮುಗಿದು ಜನ ಹೊರಟ ಮೇಲೆ ಕೊನೆಯ ಬೆಂಚಿಗೆ ಹೋದೆ. ಅಣ್ಣ ಚಪ್ಪಲಿಗೆ ಕಾಲು ಹುಡುಕುತ್ತಿದ್ದರು. ಮನೆಯಲ್ಲಿ ನಾಲ್ಕು ಸಲ ಹೇಳಿಕೊಂಡು ಬಂದಿದ್ದ ಮಾತು ಬಾಯಿಗೆ ಬರಲೇ ಇಲ್ಲ. "ಅವತ್ತು ಕಟ್ಟು ಡ್ರಾಯರ್ ಹಿಂದೆ ಇತ್ತು ಅಣ್ಣ. ನಾನು ಹೇಳಬೇಕಿತ್ತು" ಎಂದಷ್ಟೇ ಬಂತು.

ಅವರು ಸ್ವಲ್ಪ ಹೊತ್ತು ನೆಲ ನೋಡಿದರು. "ಸಿಕ್ಕ ದಿನವೇ ಗೊತ್ತಾಯ್ತು ಮೇಡಂ. ಸಂಜೆಯೊಳಗೆ ನೀವು ಬರ್ತೀರಿ ಅಂತ ಮನೆಯಲ್ಲೇ ಕೂತಿದ್ದೆ."

ಅಷ್ಟೇ. ಅಳು, ಅಪ್ಪುಗೆ ಏನೂ ಇಲ್ಲ. ಚಪ್ಪಲಿ ಮೆಟ್ಟಿ ಹೊರಟರು.

ನಾಲ್ಕು ಜನರಲ್ಲಿ ಇಬ್ಬರಿಗೆ ಆ ವಾರವೇ ಹೇಳಿದೆ. ಒಬ್ಬರಿಗೆ ಆ ಘಟನೆಯೇ ನೆನಪಿರಲಿಲ್ಲ, ಅದು ಕೇಳಿ ನನಗೆ ಇನ್ನಷ್ಟು ಕಸಿವಿಸಿಯಾಯಿತು. ಮೂರನೆಯವರು ಬೇರೆ ಧರ್ಮಕೇಂದ್ರಕ್ಕೆ ಹೋಗಿದ್ದಾರೆ, ಫೋನ್ ಮಾಡಿದೆ. ನಾಲ್ಕನೆಯವರು ಹೋದ ವರ್ಷ ತೀರಿಕೊಂಡರು. ಅವರು ಅಣ್ಣನನ್ನು ಕಳ್ಳ ಎಂದುಕೊಂಡೇ ಹೋದರೋ ಏನೋ. ಆ ಬಾಬ್ತು ಬಾಕಿ.

ಗುರುವಾರದ ಆರು ಜನರ ಬಗ್ಗೆಯೂ ಒಂದಿಷ್ಟು ಹೇಳಬೇಕು, ಯಾಕೆಂದರೆ ಪುಸ್ತಿಕೆಗೆ ನಾನು ಕೊಡುವ ಅಂಕದಲ್ಲಿ ಅರ್ಧ ಅವರಿಂದ ಬಂದದ್ದು. ಒಂಟಿಯಾಗಿ ಓದಿದ ದಿನ ಪುಟವೊಂದು ಮೂರು ನಿಮಿಷಕ್ಕೆ ಮುಗಿಯುತ್ತಿತ್ತು. ಆರು ಜನ ಕೂತಾಗ ಒಂದು ಗಂಟೆ ಸಾಲುತ್ತಿರಲಿಲ್ಲ. ಭಾನುವಾರದ ಪುಟಗಳಿಲ್ಲ ಎಂದು ನಾನು ಗೊಣಗಿದ್ದಕ್ಕೆ, ಗಾನವೃಂದದ ಹುಡುಗ ಅಂಜೂರದ ಮರದ ಭಾಗವನ್ನು ತಾನೇ ಬರೆದು ತಂದ. (ಎರಡನೇ ಭಾನುವಾರ ಅಭ್ಯಾಸಬಲದಿಂದ ಅಲ್ಲೆಲೂಯಾ ಎತ್ತಿ ನಾಲಿಗೆ ಕಚ್ಚಿಕೊಂಡವನೂ ಇವನೇ. ತಪಸ್ಸುಕಾಲದಲ್ಲಿ ಅದನ್ನು ಹಾಡುವುದಿಲ್ಲ.) ಅಂಜೂರದ ಮರದ ಆ ಮೂರನೇ ಭಾನುವಾರ, ಮಾರ್ಚ್ 23ರಂದೇ, ಐದು ವಾರಗಳಿಂದ ಆಸ್ಪತ್ರೆಯಲ್ಲಿದ್ದ ಪೋಪ್ ಫ್ರಾನ್ಸಿಸ್ ಮೊದಲ ಬಾರಿ ಬಾಲ್ಕನಿಗೆ ಬಂದು, ಕೆಳಗೆ ಹಳದಿ ಹೂ ಹಿಡಿದು ನಿಂತಿದ್ದ ಹೆಂಗಸನ್ನು ಗುರುತಿಸಿ ಮೆಚ್ಚಿ ಮಾತಾಡಿದ್ದರು. ಹುಡುಗ ಅದನ್ನೂ ಸೇರಿಸಿದ್ದ: "ಇನ್ನೊಂದು ವರ್ಷ ಬಿಡಿ ಒಡೆಯಾ, ಬುಡ ಅಗೆದು ಗೊಬ್ಬರ ಹಾಕುತ್ತೇನೆ ಎಂದ ತೋಟದವನ ಹಾಗೆ ನಾವೂ ಕೇಳುತ್ತಿದ್ದೇವೆ." ಪುಸ್ತಿಕೆಯ 40 ಪುಟಗಳಲ್ಲಿ ಇಷ್ಟು ಚೆನ್ನಾಗಿ ಬರೆದದ್ದು ನಾಲ್ಕೈದೂ ಇಲ್ಲ. ವರ್ಷವೇನೂ ಸಿಗಲಿಲ್ಲ. ಏಪ್ರಿಲ್ 20 ಪಾಸ್ಖ ಹಬ್ಬ, ಮರುದಿನ ಬೆಳಿಗ್ಗೆ ಪೋಪರು ತೀರಿಕೊಂಡರು. ಆ ಸಂಜೆ ಹುಡುಗ ತನ್ನ ಹಾಳೆಯನ್ನು ವಾಪಸ್ ಕೇಳಿ ಇಸಿದುಕೊಂಡ.

ಐದಕ್ಕೆ ಮೂರು. ಭಾನುವಾರ ಸೇರಿಸಿ, ಅಕ್ಷರ ದೊಡ್ಡದು ಮಾಡಿ, ಕೀರ್ತನೆಗೆ ಒಂದೇ ಸಂಖ್ಯೆ ಕೊಟ್ಟರೆ ನಾಲ್ಕು ಕೊಡುತ್ತೇನೆ. ಸಂಕಲ್ಪಗಳನ್ನು "ಹೋಗುತ್ತೇನೆ", "ಕೇಳುತ್ತೇನೆ", "ಕೊಡುತ್ತೇನೆ" ಎಂದು ಬದಲಿಸಿದರೆ ಇನ್ನೂ ಅರ್ಧ. ತಾರೀಖು ಮಾತ್ರ ಹಾಕಬೇಡಿ ಎಂದು ನನ್ನ ಸ್ವಾರ್ಥದ ಕೋರಿಕೆ.

ಗರಿಗಳ ಭಾನುವಾರ, ಏಪ್ರಿಲ್ 13, ಮೆರವಣಿಗೆಗೆ ಮುಂಚೆ ಗರಿ ಹಂಚುತ್ತಿದ್ದವರಲ್ಲಿ ಅಣ್ಣನೂ ಇದ್ದರು. ನನ್ನ ಸರದಿ ಬಂದಾಗ ಕಟ್ಟಿನಿಂದ ಒಂದನ್ನು ಎಳೆದು, "ತಗೋ" ಎಂದರು. ಮೇಡಂ ಇಲ್ಲ, ತಂಗಿಯೂ ಇಲ್ಲ. ಕಾಣಿಕೆ ಎಣಿಸಲು ಅವರು ಈಗಲೂ ಬರುವುದಿಲ್ಲ.

ಹಬ್ಬದ ನಂತರ ಟೀಚರಮ್ಮ ನನ್ನ ಪ್ರತಿ ಕೇಳಿದರು, ಮುಂದಿನ ವರ್ಷ ಧರ್ಮೋಪದೇಶದ ಮಕ್ಕಳಿಗೆ ಕೊಡಲು. ಒಂಬತ್ತನೇ ದಿನದ ಪುಟದಲ್ಲಿ ಹೆಸರು ಶಾಯಿಯಲ್ಲಿದೆ, ಹಾಳೆ ಕೀಳಲು ಹೋದರೆ ಪಿನ್ನಿನ ಆಚೆ ಬದಿಯ ಪುಟವೂ ಕಳಚುತ್ತದೆ. ನೀವು ಬಳಸುವುದಾದರೆ ಪೆನ್ಸಿಲ್‌ನಲ್ಲಿ ಬರೆಯಿರಿ.